ಘಟದಿಂದ ಒಂದು ಹಿಡಿ ಮಣ್ಣು

ಸಿಂದಗಿ
ಭಾನುವಾರ, 27 ಅಕ್ಟೋಬರ್ 2024

ಪ್ರೀತಿಯ ಅತ್ಯಾ,

ನಿಮ್ಮ ಸೊಸೆ ವರದಾಳ ನಮಸ್ಕಾರಗಳು. ಆಪರೇಷನ್ ಆದ ಕಣ್ಣು ಈಗ ಹೇಗಿದೆ? ಹನಿ ಹಾಕಿದಾಗ ಉರಿಯುವುದು ಕಡಿಮೆಯಾಯಿತೇ? ಇನ್ನು ಓದಬಹುದು ಎಂದು ಡಾಕ್ಟರು ಹೇಳಿದ್ದನ್ನು ವಸುಧಾ ಮೊನ್ನೆ ತಿಳಿಸಿದಳು. ಅದಕ್ಕೇ ಧೈರ್ಯ ಮಾಡಿ, ಅಕ್ಷರ ಬೇಕೆಂದೇ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ಇದನ್ನು ನೀವೇ ಓದಬೇಕು. ದಣಿವಾದರೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಓದಿ, ಆದರೆ ವಸುಧಾಳ ಕೈಗೆ ಕೊಟ್ಟು ಓದಿಸಬೇಡಿ. ನಿಮ್ಮ ಮಗಳ ಮೇಲೆ ನನಗೆ ಅಪನಂಬಿಕೆ ಇಲ್ಲ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಿಮಗೆ ಕೇಳಿಸಬೇಕಾದರೆ ನಾನು ಕೂಗಬೇಕು, ಕೂಗಿದರೆ ಸೋಲಾಪುರದಲ್ಲಿ ವಸುಧಾಳ ಇಡೀ ಮನೆ, ಇಲ್ಲಿ ಇಡೀ ಓಣಿ ಕೇಳುತ್ತದೆ. ಇದು ಕೂಗಿ ಹೇಳುವ ವಿಷಯವಲ್ಲ.

ಇಲ್ಲಿ ಎಲ್ಲರೂ ಆರಾಮ. ನಿಮ್ಮ ಮಗನಿಗೆ ಬಂದಿದ್ದ ನೆಗಡಿ ಹೋಯಿತು, ಕಷಾಯದ ವಾಸನೆ ಮಾತ್ರ ಇನ್ನೂ ಅಡುಗೆಮನೆಯಲ್ಲಿದೆ. ಸಂಕರ್ಷಣ ವಿಜಯಪುರದ ಕಾಲೇಜಿನಿಂದ ನಿನ್ನೆ ಬಂದ. ಬಂದವನೇ ದೇವರ ಕೋಣೆಯ ಚೌಕಟ್ಟಿಗೆ ಮತ್ತೆ ಹಣೆ ಬಡಿದುಕೊಂಡ. ನೋಡಿ ನಡಿಯೋ ಎಂದೆ. "ಅಜ್ಜಿ ಇದ್ದಿದ್ರ ಬಾಗ್ಲಕ್ಕ ಬೈತಿದ್ಲು, ನೀ ನನಗ ಬೈತಿ" ಅಂದ. ನೀವಿಲ್ಲದೆ ಮನೆಯಲ್ಲಿ ಅವನ ಪರವಾಗಿ ಮಾತಾಡುವವರು ಯಾರೂ ಇಲ್ಲವಂತೆ. ನಿಮ್ಮ ತುಳಸಿಗೆ ದಿನವೂ ನೀರು ಹಾಕುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಹೇಗೆ ಶುರು ಮಾಡಬೇಕೆಂದು ಎರಡು ಹಾಳೆ ಹರಿದೆ. ದಸರಾ ರಜೆಗೆ ಮೊದಲು ನಾನು ನಮ್ಮ ಐದನೆಯ ತರಗತಿಯ ಮಕ್ಕಳಿಗೆ ವಿಜ್ಞಾನದ ಒಂದು ಮನೆಗೆಲಸ ಕೊಟ್ಟಿದ್ದೆ. ನನ್ನ ವಿಷಯ ನಿಮಗೆ ಗೊತ್ತು. ಇಂಗ್ಲಿಷ್ ಶಾಲೆಯಲ್ಲಿ ಬೀಜ ಮೊಳೆಯುವುದನ್ನು ಬಾಯಿಪಾಠ ಮಾಡಿದವಳು. ಚಿತ್ರ ಬರೆದು, ಬಾಣ ಎಳೆದು, ಹೆಸರು ಬರೆದು, ಪೂರ್ತಿ ಅಂಕ ತೆಗೆದುಕೊಂಡವಳು. ಮೊಳಕೆಯನ್ನು ಹತ್ತಿರದಿಂದ ನೋಡಿದ್ದು, ಅದರ ಹಸಿ ವಾಸನೆ ಹಿಡಿದದ್ದು ನಿಮ್ಮ ಮನೆಗೆ ಬಂದ ಮೇಲೆ, ನವರಾತ್ರಿಯಲ್ಲಿ ನೀವು ಘಟ ಹಾಕಿದಾಗ. ಜರಡಿ ಹಿಡಿದ ಎರೆಮಣ್ಣು, ಅದರಲ್ಲಿ ಜೋಳ, ಗೋಧಿ, ಹೆಸರು, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ, ಪಕ್ಕದಲ್ಲಿ ಆರದ ದೀಪ. ದಸರೆಯ ಹೊತ್ತಿಗೆ ಗಡಿಗೆಯ ಸುತ್ತ ಹಳದಿ ಸಸಿ ಗೇಣುದ್ದ ನಿಂತಿರುತ್ತಿದ್ದವು. ಅವು ಉದ್ದ ಬಂದಷ್ಟೂ ಮನೆಗೆ ಒಳ್ಳೆಯದು ಎಂದು ನೀವು ಹೇಳಿದಾಗ ನಾನು ತಲೆಯಾಡಿಸಿದ್ದೆ. ಕತ್ತಲೆಯಲ್ಲಿ ಬೆಳಕು ಹುಡುಕಿಕೊಂಡು ಚಾಚಿಕೊಳ್ಳುತ್ತವೆ, ಅದಕ್ಕೆ ಉದ್ದ ಬರುತ್ತವೆ, ಅದಕ್ಕೇ ಹಳದಿ ಎಂದು ಆಗ ಮನಸ್ಸಿನಲ್ಲೇ ಅಂದುಕೊಂಡಿದ್ದೆ, ಬಾಯಿಬಿಟ್ಟು ಹೇಳಲಿಲ್ಲ.

ಮಕ್ಕಳಿಗೆ ಮಾಡಿ ನೋಡಲು ಹೇಳಿದ್ದು ಅದನ್ನೇ. ಮನೆಯಲ್ಲಿ ಘಟ ಹಾಕುವ ದಿನ ಉಳಿದ ಮಣ್ಣು, ಉಳಿದ ಬೀಜ ಕೇಳಿ ತೆಗೆದುಕೊಳ್ಳಿ, ತೆಂಗಿನ ಚಿಪ್ಪಿನಲ್ಲಿ ಹಾಕಿ ಕಿಟಕಿಯಲ್ಲಿ ಇಡಿ. ದಿನವೂ ಎರಡನ್ನೂ ದಾರದಿಂದ ಅಳೆದು ಆ ದಾರ ಕತ್ತರಿಸಿ ಹಳೇ ಪೇಪರಿನ ಮೇಲೆ ಅಂಟಿಸಿ, ಘಟದ್ದು ಹಳದಿ ದಾರ, ಚಿಪ್ಪಿನದು ಹಸಿರು. ಹೋದ ವರ್ಷ ಒಬ್ಬ ಮರಳು ತಂದ, ಇನ್ನೊಬ್ಬಳು ತಿಪ್ಪೆಯ ಗೊಬ್ಬರ, ಎಲ್ಲ ಕಲಸಿ ಹೋಗಿ ಯಾವುದರಿಂದ ಏನಾಯಿತೆಂದೇ ತಿಳಿಯಲಿಲ್ಲ. ಅದಕ್ಕೆ ಈ ಸಲ ಕಟ್ಟುನಿಟ್ಟು ಮಾಡಿದೆ. ಅದೇ ಮಣ್ಣು, ಅದೇ ಬೀಜ, ಅಷ್ಟೇ ನೀರು, ಬದಲಾಗುವುದು ಒಂದೇ, ಬೆಳಕು. ಇದನ್ನು ಹಾಡಿನ ಹಾಗೆ ಹೇಳಿಸಿದೆ. ಕನ್ನೊಳ್ಳಿ ಕಡೆಯಿಂದ ಬಸ್ಸು ಬರುವವರೆಗೆ ಮಕ್ಕಳು ರಸ್ತೆಯಲ್ಲಿ ನಿಂತು ಅದನ್ನೇ ಕೂಗುತ್ತಿದ್ದರು, ಕಂಡಕ್ಟರನಿಗೂ ಬಾಯಿಪಾಠವಾಯಿತು. ಈ ಪಾಠಕ್ಕೆ ಬಸವನ ಬಾಗೇವಾಡಿಯ ತರಬೇತಿಯಲ್ಲಿ ಚಪ್ಪಾಳೆ ಸಿಕ್ಕಿತ್ತು. ಮುಂದಿನ ತಿಂಗಳು ಮುದ್ದೇಬಿಹಾಳದಲ್ಲಿ ಉಳಿದ ಶಿಕ್ಷಕರಿಗೆ ಮಾಡಿ ತೋರಿಸಬೇಕಂತೆ. ಅಲ್ಲಿ ಏನು ತೋರಿಸುವುದು ಎಂದು ಈಗ ಯೋಚಿಸುತ್ತೇನೆ.

ಆ ತರಗತಿಯಲ್ಲಿ ಕೋಮಲ ಎಂಬ ಹುಡುಗಿ ಇದ್ದಾಳೆ. ನಮ್ಮ ಮನೆಗೆ ಬೆಣ್ಣೆ ತರುತ್ತಿದ್ದ ಗುಂಡವ್ವನ ಮೊಮ್ಮಗಳು, ಹಿರಿಯ ಮಗ ಗುರಪ್ಪನ ಮಗಳು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವಳು. ಮನೆಗೆಲಸ ಕೊಟ್ಟ ದಿನ ಎಲ್ಲರೂ ಓಡಿಹೋದ ಮೇಲೆ ಹಿಂದೆ ನಿಂತು, "ಬಾಯಾರ, ದಾರ ಎಳದ ಹಿಡಿಬೇಕ್ರೋ, ಸಡ್ಲ ಬಿಡಬೇಕ್ರೋ?" ಎಂದು ಕೇಳಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಪ್ರಶ್ನೆಯನ್ನು ಮನೆಗೆ ಬಂದು ನಿಮ್ಮ ಮಗನಿಗೂ ಹೇಳಿದೆ.

ಘಟ ಹಾಕಿದ ದಿನ ಕೋಮಲ ಹೊಲದಿಂದ ಬರುವುದು ತಡವಾಗಿದೆ. ಅಷ್ಟರಲ್ಲಿ ಗುಂಡವ್ವ ಪೂಜೆ ಮುಗಿಸಿ, ಉಳಿದ ಕಾಳು ಕೋಳಿಗೆ ಚೆಲ್ಲಿ, ಉಳಿದ ಮಣ್ಣು ಗುಡಿಸಿ ಹಾಕಿದ್ದಳು. ಬೇರೆ ಯಾವ ಹುಡುಗಿಯಾದರೂ ಚೀಲದ ಜೋಳ ತೆಗೆದುಕೊಂಡು ಅಂಗಳದ ಮಣ್ಣಿಗೆ ಹಾಕುತ್ತಿದ್ದಳು. ಕೋಮಲ ಹಾಗೆ ಮಾಡಲಿಲ್ಲ. ಅದೇ ಮಣ್ಣು, ಅದೇ ಬೀಜ ಎಂದು ನಾನು ಹೇಳಿದ್ದೆನಲ್ಲ. ಅಜ್ಜಿ ಎಮ್ಮೆ ಹಿಂಡಲು ಹೋದಾಗ ಘಟದಿಂದಲೇ, ಗೋಡೆಯ ಬದಿಯಿಂದ, ಒಂದು ಹಿಡಿ ಮಣ್ಣು ಬೀಜದ ಸಮೇತ ತೆಗೆದು ಚಿಪ್ಪಿಗೆ ಹಾಕಿ, ಮೇಲೆ ಸವರಿ, ಚಿಪ್ಪನ್ನು ದನದ ಕೊಟ್ಟಿಗೆಯ ಕಿಟಕಿಯಲ್ಲಿ ಇಟ್ಟಳು. ದೇವರದ್ದನ್ನು ಮುಟ್ಟಬೇಡಿ ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅದು ಹೇಳಬೇಕಾದ ಮಾತು ಎಂದು ನನಗೆ ಹೊಳೆಯಲೇ ಇಲ್ಲ.

ಸಸಿ ಎದ್ದವು. ಗೋಡೆಯ ಬದಿಗೆ ಮಾತ್ರ ಏಳಲಿಲ್ಲ, ಹಲ್ಲು ಬಿದ್ದ ಬಾಯಿಯ ಹಾಗೆ ಅಷ್ಟು ಜಾಗ ಬೋಳು. ದೀಪಕ್ಕೆ ಎಣ್ಣೆ ಹಾಕಲು ಬಗ್ಗಿದ ಗುಂಡವ್ವ ಅದನ್ನು ನೋಡಿದಳು. ಇಲಿ ಏನು ಎಂದು ಕೇಳಿದರೆ ಕೋಮಲ ಕೊಟ್ಟಿಗೆಗೆ ಓಡಿ ಚಿಪ್ಪು ತಂದು, "ಇಲ್ಲಿ ಅದಾವ ನೋಡಜ್ಜಿ, ಸತ್ತಿಲ್ಲ, ಬಿಸಲಾಗ ಅದಾವ" ಎಂದಳಂತೆ. ತೋರಿಸಲಿಕ್ಕೆ ಏನೋ ಸಿಕ್ಕಿತೆಂಬ ಸಂಭ್ರಮದಲ್ಲಿ ಹೇಳಿರಬೇಕು. ಆ ದಿನವೇ ಸಂಜೆ ಅವಳ ಚಿಗವ್ವನಿಗೆ, ಅಂದರೆ ಗುಂಡವ್ವನ ಕಿರಿಯ ಮಗ ಧರ್ಮರಾಜನ ಹೆಂಡತಿಗೆ, ನೋವು ಕಾಣಿಸಿಕೊಂಡಿತು. ಏಳು ತಿಂಗಳ ಬಸುರಿ. ವಿಜಯಪುರಕ್ಕೆ ಒಯ್ದರು. ಗಂಡು ಕೂಸು ಹುಟ್ಟಿದೆ, ಕೈ ಬೆರಳಿನಷ್ಟು ಕಾಲು ಎನ್ನುತ್ತಾರೆ. ಈಗಲೂ ಗಾಜಿನ ಪೆಟ್ಟಿಗೆಯಲ್ಲಿದೆ. ಉಳಿಯುತ್ತದೆ ಎಂದು ಡಾಕ್ಟರು ಹೇಳುತ್ತಿಲ್ಲ, ಉಳಿಯುವುದಿಲ್ಲ ಎಂದೂ ಹೇಳುತ್ತಿಲ್ಲ.

ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಶಾಲೆ ತೆರೆದ ದಿನ ಮಕ್ಕಳು ಚಿಪ್ಪು, ಪೇಪರು ಹೊತ್ತು ತಂದರು. ಗೋಡೆ ತುಂಬ ಹಳದಿ, ಹಸಿರು ದಾರ. ಯಾವ ಸಸಿ ಚೆನ್ನಾಗಿ ಬೆಳೆದಿದೆ ಎಂದರೆ ಅರ್ಧ ಜನ ಉದ್ದನೆಯದು ಎಂದರು, ಅರ್ಧ ಜನ ಹಸಿರಿನದು ಎಂದರು, ಜಗಳ ಬಿದ್ದರು. ನನಗೆ ಬೇಕಾಗಿದ್ದದ್ದು ಅದೇ ಜಗಳ. ಕೋಮಲ ಬಂದಿರಲಿಲ್ಲ. ಮರುದಿನ ಬಂದಳು, ಹಿಂದಿನ ಸಾಲಿನಲ್ಲಿ ಕುಳಿತಳು, ಬಟ್ಟೆಯಲ್ಲಿ ಸುತ್ತಿದ ಚಿಪ್ಪನ್ನು ಕಾಲ ಬುಡದಲ್ಲಿ ಇಟ್ಟುಕೊಂಡಳು. ನಿನ್ನದು ತೋರಿಸು ಎಂದೆ. ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದಳು, ಪಾಠ ಒಪ್ಪಿಸಿದ ಹಾಗೆ. ಆಮೇಲೆ, "ನೀವಽ ಹೇಳಿದ್ರಲ್ರಿ, ಒಂದಽ ಬದ್ಲ ಮಾಡಿ ಏನ ಬದ್ಲಾಕೈತಿ ನೋಡ್ರಿ ಅಂತ. ನಾ ಒಂದಽ ಬದ್ಲ ಮಾಡೇನ್ರಿ. ಬದ್ಲಾತಲ್ರಿ" ಎಂದಳು.

ಇಲ್ಲ, ಅದರಿಂದ ಅಲ್ಲ ಎಂದೆ. ತುಂಬ ಬೇಗ ಹೇಳಿದೆ. ಪರೀಕ್ಷೆ ಮಾಡದೆ ಉತ್ತರ ಹೇಳಿದವರನ್ನು ನಾನು ನೋಡುವ ರೀತಿಯಲ್ಲೇ ಅವಳು ನನ್ನನ್ನು ನೋಡಿದಳು. ನಿಧಾನವಾಗಿ ಹೇಳಿದೆ, ಚಿಗವ್ವನ ರಕ್ತದೊತ್ತಡ ಶ್ರಾವಣದಿಂದಲೇ ಹೆಚ್ಚಿತ್ತು, ಆಶಾ ಕಾರ್ಯಕರ್ತೆ ಆಗಲೇ ನನ್ನೆದುರೇ ಎಚ್ಚರಿಸಿದ್ದಳು, ಒಂದರ ಹಿಂದೆ ಒಂದು ಆದ ಮಾತ್ರಕ್ಕೆ ಒಂದರಿಂದ ಒಂದು ಆಯಿತು ಎನ್ನಲಾಗುವುದಿಲ್ಲ, ಒಂದೇ ಚಿಪ್ಪು ನೋಡಿ ನಾವು ತೀರ್ಮಾನ ಮಾಡುತ್ತೇವೆಯೇ, ಎಲ್ಲರ ಚಿಪ್ಪೂ ನೋಡಿದೆವಲ್ಲ. ಕೇಳಿಸಿಕೊಂಡಳು. "ಹಂಗಾದ್ರ ಇನ್ನೊಂದ ಘಟ ತೋರಸ್ರಿ. ಕೆಟ್ಟಿದ್ದು, ಆದ್ರೂ ಮನ್ಯಾಗ ಏನೂ ಆಗದಿದ್ದು." ನಾನೇ ಕಲಿಸಿದ್ದು. ಸರಿಯಾದ ಪ್ರಶ್ನೆ.

ನಾನು ತರಗತಿಗೆ ಕೇಳಿದೆ. ಯಾರ ಮನೆಯಲ್ಲಾದರೂ ಎಂದಾದರೂ ಇಲಿ ತಿಂದದ್ದು, ಇರುವೆ ಹತ್ತಿದ್ದು, ಗಡಿಗೆ ಸೋರಿದ್ದು ಉಂಟೇ? ಎಲ್ಲರೂ ತಲೆ ಕೆಳಗೆ ಹಾಕಿದರು. ಇಷ್ಟು ಮನೆ, ಇಷ್ಟು ವರ್ಷ, ಇಷ್ಟು ಇಲಿ, ಒಂದೂ ಘಟ ಕೆಟ್ಟಿಲ್ಲ. ಕೊನೆಗೆ ಕೋಮಲಳ ಗೆಳತಿ ಮೆಹರಾಜ ಕೈ ಎತ್ತಿದಳು. "ಬಾಯಾರ, ನಮ್ಮನ್ಯಾಗ ಘಟಾನ ಇಲ್ರಿ. ನಮ್ಮ ಚಾಚಿಗೂ ಏಳ ತಿಂಗಳಿಗೆ ಆತ್ರಿ. ಈಗ ಅಂವ ನನ್ನ ಕೂದ್ಲ ಜಗ್ತಾನ." ಎಲ್ಲರೂ ನಕ್ಕರು. ನನಗೂ ಉಸಿರು ಬಂದಂತಾಯಿತು. ಕೋಮಲ ನಗಲಿಲ್ಲ. "ಘಟ ಇಲ್ಲದ್ದು ಬ್ಯಾರೆ, ಕೆಟ್ಟಿದ್ದು ಬ್ಯಾರೆ" ಎಂದು ಕುಳಿತಳು. ಮುಖ್ಯೋಪಾಧ್ಯಾಯರು ನಂತರ ಕರೆದು, "ಪುಸ್ತಕದಾಗ ಚಿತ್ರ ಇತ್ತಲ್ರಿ ಮೇಡಂ, ಅದಽ ಸಾಕಾಗ್ತಿತ್ತು" ಎಂದರು. ಅವರ ಮಾತನ್ನು ಅಂದಿನಿಂದ ಬಹಳ ಸಲ ತಿರುಗಿಸಿ ನೋಡಿದ್ದೇನೆ. ಪುಸ್ತಕದ ಚಿತ್ರದಿಂದ ಯಾವ ಮಗುವಿಗೂ ಪೆಟ್ಟಾಗುವುದಿಲ್ಲ, ನಿಜ. ಅದರಿಂದ ಯಾವ ಮಗುವೂ ದಾರ ಎಳೆದು ಹಿಡಿಯಬೇಕೇ ಎಂದು ಕೇಳುವುದಿಲ್ಲ, ಅದೂ ನಿಜ.

ಗುರುವಾರದಿಂದ ಕೋಮಲ ಶಾಲೆಗೆ ಬರಲಿಲ್ಲ. ನಿನ್ನೆ ಅವರ ಮನೆಗೆ ಹೋದೆ. ಗುಂಡವ್ವ ಕಟ್ಟೆಯ ಮೇಲೆ ಕುಳಿತು ಅದೇ ಹುಡುಗಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. ದೀಪಾವಳಿ ಪಾಡ್ಯದ ದಿನ ಚಡಚಣದಿಂದ ಕೋಮಲಳ ಸೋದರಮಾವ ಚಂದ್ರಾಮ ಬರುತ್ತಾನಂತೆ, ಕರೆದುಕೊಂಡು ಹೋಗುತ್ತಾನಂತೆ, ಅಲ್ಲಿ ದ್ರಾಕ್ಷಿ ತೋಟದಲ್ಲಿ ಅವನ ಹೆಂಡತಿಯ ಕೈಕೆಳಗೆ ಇರುತ್ತಾಳಂತೆ. "ಕೂಸು ಮನೀಗೆ ಬರೂದ್ರಾಗ ಈಕಿ ಇಲ್ಲಿ ಇರೂದು ಬ್ಯಾಡ್ರಿ" ಎಂದಳು. ಶಾಲೆ ಎಂದೆ. "ಸಾಲ್ಯಾಗ ಕಲ್ತದ್ದಽ ಸಾಕಾಗೇತ್ರಿ." ಗುರಪ್ಪ ಬಾಗಿಲಲ್ಲಿ ನಿಂತಿದ್ದ, "ನಮ್ಮವ್ವ ಅಂದ ಮ್ಯಾಲ ಏನ ಮಾಡೂದ್ರಿ ಬಾಯಾರ" ಎಂದು ಚಪ್ಪಲಿ ನೋಡಿದ. ಇದು ಸಿಟ್ಟಿನ ಮನೆಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಗುಂಡವ್ವನ ಕಣ್ಣು ಅತ್ತು ಅತ್ತು ಬಾತಿತ್ತು, ಬೆರಳು ಮಾತ್ರ ಮೊಮ್ಮಗಳ ನೆತ್ತಿಯಲ್ಲಿ ಮೆಲ್ಲಗೆ ಓಡಾಡುತ್ತಿತ್ತು. ಹುಡುಗಿಗೆ ಯಾರೂ ಒಂದು ಏಟೂ ಹಾಕಿಲ್ಲ. ದೇವರ ಕೋಣೆಗೆ ಹೋಗಬೇಡ ಎಂದೂ ಹೇಳಿಲ್ಲವಂತೆ. ಅವಳೇ ಹೋಗುತ್ತಿಲ್ಲ.

ಗುಂಡವ್ವ, ಘಟಕ್ಕೂ ಕೂಸಿಗೂ ಸಂಬಂಧವಿಲ್ಲ ಎಂದೆ. ಆಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ನಿಮ್ಮ ಮನೀಗೆ ಬೆಣ್ಣಿ ತರ್ತಿದ್ನಲ್ರಿ, ಒಳಗ ಬಂದಾಕಿ ಅಲ್ಲ, ಬಾಗಲದಾಗ ನಿಂತು ನೋಡೇನಿ. ನಿಮ್ಮ ಅತ್ಯಾರು ಮಣ್ಣ ಹೆಂಗ ಹದ ಮಾಡ್ತಾರ, ನೀರ ಹೆಂಗ ಚಿಮುಕಿಸ್ತಾರ, ಎಲ್ಲಾ ನೋಡಿ ಕಲ್ತೇನಿ. ಅವರ ಘಟ ಒಂದ ವರ್ಷರ ಕೆಟ್ಟಿದ್ದ ಹೇಳ್ರಿ. ಅದಕ್ಕಽ ನಿಮ್ಮ ಮನಿ ತುಂಬಿದಂಗ ಐತಿ." ಕೋಮಲ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಳು. ನಾನು ಬರುತ್ತೇನೆ ಎಂದು ಎದ್ದು ಬಂದೆ.

ಕೂಸು ಉಳಿದರೆ ಇವಳು ಚಡಚಣದಲ್ಲಿ ದ್ರಾಕ್ಷಿ ಗೊನೆ ಬಿಡಿಸುತ್ತ ಶಾಲೆ ಮರೆಯುತ್ತಾಳೆ. ಉಳಿಯದಿದ್ದರೆ, ಹತ್ತು ವರ್ಷದ ಹುಡುಗಿ ಅದನ್ನು ತಾನೇ ಮಾಡಿದೆ ಎಂದುಕೊಂಡು ಹೋಗುತ್ತಾಳೆ, ಆಮೇಲೆ ಯಾರು ಏನು ಹೇಳಿದರೂ ಅವಳ ಕಿವಿಗೆ ಹೋಗುವುದಿಲ್ಲ. ಅದಕ್ಕೆ ಮೊದಲು ಅವಳಿಗೆ ಉತ್ತರ ಸಿಗಬೇಕು. ನನ್ನ ಮಾತಿಗೆ ಆ ಮನೆಯಲ್ಲಿ ಬೆಲೆ ಇಲ್ಲ, ನಿಮ್ಮ ಮಾತಿಗೆ ಇದೆ. ದೀಪಾವಳಿಗೆ ನೀವು ವಸುಧಾಳ ಮನೆಯಲ್ಲೇ ಇರುವುದೆಂದು ಮಾತಾಗಿತ್ತು, ಗೊತ್ತು. ಆದರೂ ಬನ್ನಿ ಎಂದು ಕೇಳುತ್ತಿದ್ದೇನೆ. ಈ ಪತ್ರ ತರುತ್ತಿರುವ ನಮ್ಮ ಓಣಿಯ ಮುಕ್ತಾರನ ಟೆಂಪೋ ಬುಧವಾರ ಇಂಡಿ ಮಾರ್ಗವಾಗಿ ತಿರುಗಿ ಬರುತ್ತದೆ. ಮುಂದಿನ ಸೀಟಿನಲ್ಲಿ ನಿಮ್ಮನ್ನು ಕೂರಿಸಿ, ಧೂಳು ಬೀಳದ ಹಾಗೆ ಗಾಜು ಏರಿಸಿ, ನಿಧಾನ ತರುತ್ತೇನೆ ಎಂದಿದ್ದಾನೆ. ಕಣ್ಣಿನ ಹನಿ, ಕಪ್ಪು ಕನ್ನಡಕ ಮರೆಯಬೇಡಿ. ಡಾಕ್ಟರು ಪ್ರಯಾಣ ಬೇಡ ಎಂದರೆ ಬರಬೇಡಿ, ಅದನ್ನು ಮಾತ್ರ ನನಗಾಗಿ ಮುರಿಯಬೇಡಿ.

ವಸುಧಾಗೆ, ಮಕ್ಕಳಿಗೆ ನನ್ನ ನೆನಪು ತಿಳಿಸಿ. ನಿಮ್ಮ ಕಣ್ಣು ನಿಚ್ಚಳವಾಗಲಿ ಎಂದು ದಿನವೂ ಸಂಜೆ ದೀಪ ಹಚ್ಚುವಾಗ ಕೇಳಿಕೊಳ್ಳುತ್ತೇನೆ.

ನಿಮ್ಮ
ವರದಾ

ತಾ.ಕ.: ಸೋಮವಾರ ಬೆಳಿಗ್ಗೆ. ಮುಕ್ತಾರ ಗಾಡಿ ಬಂದ್ ಮಾಡದೆ ಹೊರಗೆ ಕಾಯುತ್ತಿದ್ದಾನೆ. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸಿ. ಗುಂಡವ್ವನ ಕಟ್ಟೆಯ ಮೇಲೆ ನಾನು ಬಾಯಿ ಮುಚ್ಚಿಕೊಂಡದ್ದು ಉತ್ತರ ಇಲ್ಲದೆ ಅಲ್ಲ. ಸಂಕರ್ಷಣ ನನ್ನ ಹೊಟ್ಟೆಯಲ್ಲಿದ್ದ ವರ್ಷ, ಅದಕ್ಕೂ ಮೊದಲಿನ ಬಸಿರು ನಿಂತಿರಲಿಲ್ಲ ನೋಡಿ, ಆ ವರ್ಷದ ನವರಾತ್ರಿಯಲ್ಲಿ ಒಂದು ನಸುಕಿಗೆ ನೀರು ಕುಡಿಯಲು ಎದ್ದಿದ್ದೆ. ನೀವು ಹಿತ್ತಲಲ್ಲಿ ಸೆರಗು ಸಿಕ್ಕಿಸಿಕೊಂಡು ಕುಳಿತಿದ್ದಿರಿ. ಗಡಿಗೆ ಸೀಳಿತ್ತು. ಸಸಿಯೆಲ್ಲ ಕೊಳೆತು ಮಲಗಿತ್ತು. ಅದನ್ನು ತುಳಸಿಯ ಬುಡಕ್ಕೆ ಹಾಕಿ ಮುಚ್ಚಿ, ಸಾಮಾನಿನ ಕೋಣೆಯಿಂದ ಬುಟ್ಟಿಯಡಿ ಬೆಳೆಸಿಟ್ಟ ಇನ್ನೊಂದನ್ನು ತಂದು ದೇವರ ಮುಂದೆ ಇಟ್ಟಿರಿ. ಮಾವನವರು ಆರತಿ ಎತ್ತಿದರು, ಅವರಿಗೆ ಗೊತ್ತಾಗಲಿಲ್ಲ. ಅವತ್ತು ನನಗೆ ಹೇಳಿದ್ದು ಒಂದೇ ಮಾತು, "ಭಾರ ಎತ್ತಬ್ಯಾಡವ್ವಾ." ವಿಜ್ಞಾನ ಓದಿದ ನಾನೂ ಹೆರಿಗೆಯಾಗುವವರೆಗೆ ಹೆದರಿಕೊಂಡೇ ಇದ್ದೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ, ಮಾವನವರು ಹೋದ ಮೇಲೂ ಹೇಳಲಿಲ್ಲ. ಕೋಮಲ ಕೇಳಿದ ಇನ್ನೊಂದು ಘಟ ಅದು. ಆದರೆ ಅದು ನಿಮ್ಮದು, ನಾನು ಹೇಳುವಂಥದ್ದಲ್ಲ. ಕತ್ತಲಲ್ಲಿ ನಾನು ತಪ್ಪು ನೋಡಿದ್ದರೆ ತಪ್ಪು ಎಂದೇ ಬರೆದು ಮುಕ್ತಾರನ ಕೈಗೆ ಕೊಡಿ, ಆ ಹುಡುಗಿಗೆ ಸುಳ್ಳು ಉದಾಹರಣೆ ಕೊಡಲಾರೆ. ನೋಡಿದ್ದು ನಿಜವಾದರೆ ಬನ್ನಿ. ಗುಂಡವ್ವನ ಮನೆಗೆ ಹೋಗೋಣ, ಸಂಕರ್ಷಣನನ್ನೂ ಕರೆದುಕೊಂಡು. ಆ ಮನೆಯ ಬಾಗಿಲು ನಮ್ಮದಕ್ಕಿಂತ ಗಿಡ್ಡ, ಅವನು ಬಗ್ಗಿಯೇ ಒಳಗೆ ಬರಬೇಕಾಗುತ್ತದೆ.